ಟ್ರೈಲರ್ ಲೋಡ್: ಮುಂಭಾರ ಎಷ್ಟಿರಬೇಕು, ಹಿಂಭಾರ ಯಾಕೆ ಬೇಡ?

ಕಬ್ಬು ಕಟಾವು ಶುರುವಾಯ್ತು ಅಂದ್ರೆ ಮಂಡ್ಯದಿಂದ ಬೆಳಗಾವಿವರೆಗೂ ರಸ್ತೆ ತುಂಬ ಟ್ರ್ಯಾಕ್ಟರ್‌ಗಳೇ. ಏರು ಹತ್ತುವಾಗ ಟ್ರ್ಯಾಕ್ಟರಿನ ಮುಂದಿನ ಚಕ್ರ ನೆಲ ಬಿಟ್ಟು ಏಳುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಕೆಲವರು ಅದನ್ನು ಸಾಹಸ ಅಂತ ಶೇರ್ ಮಾಡ್ತಾರೆ. ಅದು ಸಾಹಸವಲ್ಲ. ಮುಂದಿನ ಚಕ್ರ ಎದ್ದ ಆ ಕ್ಷಣ ಸ್ಟೀರಿಂಗ್ ಇದ್ದೂ ಇಲ್ಲದಂತೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿದರೆ ಚಾಲಕನಿಗೆ ಜಿಗಿಯಲೂ ಸಮಯ ಸಿಗುವುದಿಲ್ಲ.

ಈ ವಾರ ಎರಡು ಚಕ್ರದ ಟ್ರೈಲರ್‌ಗೆ ಲೋಡ್ ಹೇಗೆ ಹಾಕಬೇಕು, ಹೇಗೆ ಎಳೆಯಬೇಕು ಅಂತ ನೋಡೋಣ.

ಎತ್ತಿನ ಗಾಡಿಯ ಲೆಕ್ಕ

ಗಾಡಿ ಹೊಡೆದ ಹಿರಿಯರನ್ನು ಕೇಳಿ. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರ ಆದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಟ್ರೈಲರ್‌ಗೂ ಇದೇ ಲೆಕ್ಕ. ಚಕ್ರದ ಅಚ್ಚೇ ತಕ್ಕಡಿಯ ಮುಳ್ಳು, ಟ್ರ್ಯಾಕ್ಟರೇ ಎತ್ತು.

ಒಂದು ಉದಾಹರಣೆ ನೋಡಿ. ಕೊಂಡಿಯಿಂದ ಅಚ್ಚಿಗೆ 3 ಮೀಟರ್ ದೂರ ಇದೆ, ಲೋಡ್ 3,000 ಕೆ.ಜಿ. ಅಂತ ಇಟ್ಟುಕೊಳ್ಳಿ. ಟ್ರೈಲರಿನ ಸ್ವಂತ ತೂಕ ಸದ್ಯಕ್ಕೆ ಬಿಡಿ.

- ಲೋಡಿನ ನಡುಭಾಗ ಅಚ್ಚಿಗಿಂತ 30 ಸೆಂ.ಮೀ. ಮುಂದಿದ್ದರೆ, ಕೊಂಡಿಯ ಮೇಲೆ 300 ಕೆ.ಜಿ. ಬೀಳುತ್ತದೆ.
- 60 ಸೆಂ.ಮೀ. ಮುಂದಿದ್ದರೆ 600 ಕೆ.ಜಿ. ಟ್ರ್ಯಾಕ್ಟರಿನ ಹಿಂಭಾಗ ಕುಗ್ಗಿ ಮುಂದಿನ ಚಕ್ರ ಹಗುರಾಗುತ್ತದೆ.
- 30 ಸೆಂ.ಮೀ. ಹಿಂದಿದ್ದರೆ 300 ಕೆ.ಜಿ. ಬಲ ಕೊಂಡಿಯನ್ನು ಮೇಲಕ್ಕೆ ಎತ್ತುತ್ತದೆ. ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕೆ ಹಿಡಿತ ಕಡಿಮೆಯಾಗಿ, ಟ್ರೈಲರ್ ಬಾಲದಂತೆ ಆಡಲು ಶುರುಮಾಡುತ್ತದೆ.

ಅಂದ್ರೆ ಒಂದು ಮೊಳದ ವ್ಯತ್ಯಾಸವೂ ದೊಡ್ಡದೇ. ಲೋಡಿನ ನಡುಭಾಗ ಅಚ್ಚಿಗಿಂತ ಸ್ವಲ್ಪ ಮುಂದಿರಲಿ. ಕೊಂಡಿ ಎಷ್ಟು ಭಾರ ತಡೆಯುತ್ತದೆ ಎಂಬುದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬೇಡಿ.

ಲೋಡ್ ಹಾಕುವಾಗ

ಮೊದಲು ಟ್ರೈಲರ್ ಅನ್ನು ಟ್ರ್ಯಾಕ್ಟರಿಗೆ ಕಟ್ಟಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಕ್ಕದಿಂದ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಲೋಡ್ ಆದಮೇಲೆ ಅದೇ ಜಾಗದಿಂದ ಇನ್ನೊಂದು. ಎರಡನ್ನೂ ಹೋಲಿಸಿದರೆ ಟ್ರೈಲರ್ ಮುಂದಕ್ಕೆ ಕುಸಿದಿದೆಯೋ, ಹಿಂದಕ್ಕೆ ವಾಲಿದೆಯೋ ಗೊತ್ತಾಗುತ್ತದೆ.

ಗೊಬ್ಬರದ ಮೂಟೆ, ಸಿಮೆಂಟ್, ಕಲ್ಲಿನಂಥ ಭಾರದ ವಸ್ತು ಕೆಳಗೆ, ಅಚ್ಚಿನ ಹತ್ತಿರ ಇರಲಿ. ಎಡಬಲ ಸಮ ಇರಲಿ. ಎತ್ತರಕ್ಕೆ ಪೇರಿಸಿದಷ್ಟೂ ತಿರುವಿನಲ್ಲಿ ಮಗುಚುವ ಭಯ ಹೆಚ್ಚು. ಹಿಂದಕ್ಕೆ ಚಾಚಿಕೊಂಡ ಕಬ್ಬು ಹಿಂಭಾರ ಮಾಡುವುದಲ್ಲದೆ ಹಿಂದಿನ ದೀಪವನ್ನೂ ಮುಚ್ಚುತ್ತದೆ.

ಇಳಿಸುವಾಗಲೂ ಎಚ್ಚರ. ಮುಂದಿನ ಮೂಟೆಗಳನ್ನೇ ಮೊದಲು ಖಾಲಿ ಮಾಡಿದರೆ ಟ್ರೈಲರ್ ಹಿಂಭಾರ ಆಗುತ್ತದೆ. ಆಗ ಪಿನ್ ಎಳೆದರೆ ಮೂತಿ ಜೋರಾಗಿ ಮೇಲೆದ್ದು ಎದುರಿಗಿದ್ದವರ ಮುಖಕ್ಕೆ ಹೊಡೆಯಬಹುದು. ಚಕ್ರಕ್ಕೆ ಕಲ್ಲು ಕೊಡದೆ, ಸ್ಟ್ಯಾಂಡ್ ಇಳಿಸದೆ ಪಿನ್ ಮುಟ್ಟಲೇಬೇಡಿ.

ಕೊಂಡಿ ಎಷ್ಟು ಎತ್ತರ?

ಕಂಪನಿ ಟ್ರೈಲರ್‌ಗೆಂದು ಕೊಟ್ಟ ಕೊಂಡಿಗೇ ಕಟ್ಟಿ. ಟಾಪ್ ಲಿಂಕ್ ಕಟ್ಟುವ ಜಾಗಕ್ಕಾಗಲಿ, ಹಿಂದಿನ ಅಚ್ಚಿಗಿಂತ ಮೇಲಕ್ಕಾಗಲಿ ಎಂದೂ ಕಟ್ಟಬೇಡಿ. ಎಳೆಯುವ ಜಾಗ ಮೇಲೆ ಹೋದಷ್ಟೂ ಟ್ರ್ಯಾಕ್ಟರಿನ ಮೂತಿ ಏಳುವುದು ಸುಲಭ. ಏರಿನಲ್ಲಿ ಕ್ಲಚ್ ಅನ್ನು ಫಟ್ ಅಂತ ಬಿಟ್ಟರಂತೂ ಕೇಳೋದೇ ಬೇಡ. ಮುಂಭಾಗ ಹಗುರ ಅನಿಸಿದರೆ ಬಂಪರಿಗೆ ಕಂಪನಿಯ ತೂಕದ ಬಿಲ್ಲೆ ಹಾಕಿಸಿ. ಆದರೆ ಅತಿ ಲೋಡಿಗೆ ಅದು ಪರಿಹಾರ ಅಲ್ಲ.

ಹೊರಡುವ ಮುನ್ನ ಐದು ನಿಮಿಷ

1. ಪಿನ್ ಸವೆದಿಲ್ಲ ತಾನೆ? ಅದಕ್ಕೆ ಲಾಕ್ ಕ್ಲಿಪ್ ಇದೆಯಾ? ಕ್ಲಿಪ್ ಬದಲು ಕಬ್ಬಿಣದ ತಂತಿ, ಮೊಳೆ ಬೇಡ.
2. ಪಿನ್ ಮುರಿದರೂ ಟ್ರೈಲರ್ ಬಿಟ್ಟುಹೋಗದಂತೆ ಸರಪಳಿ ಕಟ್ಟಿದ್ದೀರಾ?
3. ಟ್ರೈಲರಿನ ಎರಡೂ ಟೈರುಗಳ ಗಾಳಿ ಸಮ ಇದೆಯಾ? ಚಕ್ರದ ನಟ್ ಬಿಗಿ ಇವೆಯಾ?
4. ಟ್ರ್ಯಾಕ್ಟರಿನ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಸೇರಿಸಿ ಲಾಕ್ ಮಾಡಿದ್ದೀರಾ? ಹೊಲದಲ್ಲಿ ಬೇರೆ ಬೇರೆ ಇರಲಿ, ರಸ್ತೆಯಲ್ಲಿ ಒಂದೇ ಚಕ್ರ ಹಿಡಿದರೆ ಗಾಡಿ ಗಿರಕಿ ಹೊಡೆಯುತ್ತದೆ.
5. ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಕಾಣುತ್ತಿವೆಯಾ? ಮಣ್ಣು ಮೆತ್ತಿದ್ದರೆ ಒರೆಸಿ.

ರಸ್ತೆಯಲ್ಲಿ

ನಮ್ಮ ಬಹುತೇಕ ಟ್ರೈಲರ್‌ಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ. ಹಾಗಾಗಿ ಇಳಿಜಾರಿನಲ್ಲಿ ಹಿಂದಿನ ಲೋಡೇ ಟ್ರ್ಯಾಕ್ಟರನ್ನು ತಳ್ಳುತ್ತದೆ. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಬೇಡಿ. ಇಳಿಜಾರು ಶುರುವಾಗುವ ಮುಂಚೆಯೇ ಕಡಿಮೆ ಗೇರಿಗೆ ಬನ್ನಿ, ಕ್ಲಚ್ ಒತ್ತಬೇಡಿ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಗಾಡಿ ಓಡುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಟ್ರೈಲರ್ ಓಲಾಡಿದರೆ ಸ್ಟೀರಿಂಗ್ ಎಳೆದಾಡದೆ ನೇರ ಹಿಡಿದು ನಿಧಾನವಾಗಿ ವೇಗ ಇಳಿಸಿ.

ಕೊನೆಯದಾಗಿ, ಕೊಂಡಿಯ ಮೇಲೆ ನಿಂತವರನ್ನು, ಲೋಡಿನ ಮೇಲೆ ಕೂತವರನ್ನು ಮುಲಾಜಿಲ್ಲದೆ ಇಳಿಸಿ. "ಇಲ್ಲೇ ಪಕ್ಕದೂರಿಗೆ ಕಣಪ್ಪ" ಅಂತಾರೆ. ಬೇಜಾರಾದರೆ ಆಗಲಿ, ನಾಳೆ ಸರಿಹೋಗುತ್ತದೆ. ಹೋದ ಜೀವ ವಾಪಸ್ ಬರಲ್ಲ. ಇನ್ನೊಂದು ಟ್ರಿಪ್ ಹೊಡೆದರೆ ಹೋಗುವುದು ಸ್ವಲ್ಪ ಡೀಸೆಲ್ ಅಷ್ಟೇ.