ಕುಡಿಯದೆ ಏರುವ ಅಮಲು

ಕುಡಿದು ತೂರಾಡುವವನ ಕೈಗೆ ನಾವು ಟ್ರ್ಯಾಕ್ಟರ್ ಕೊಡುವುದಿಲ್ಲ. ಆದರೆ ಕಿವಿಗೆ ಸೆಲ್‌ಫೋನ್ ಹಚ್ಚಿಕೊಂಡವನಿಗೆ ಕೊಟ್ಟು ನಿಶ್ಚಿಂತರಾಗಿರುತ್ತೇವೆ. ಇವರಿಬ್ಬರಿಗೂ ವ್ಯತ್ಯಾಸವೆಷ್ಟು ಎಂಬುದೇ ಇಂದಿನ ಪಾಠ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2006ರಲ್ಲಿ ಇದರ ಪ್ರಯೋಗವೊಂದನ್ನು ಪ್ರಕಟಿಸಿದರು. ರಸ್ತೆಯ ಚಿತ್ರ ತೋರಿಸುವ ಅಭ್ಯಾಸಯಂತ್ರದಲ್ಲಿ 40 ಮಂದಿಯನ್ನು ಕುಳ್ಳಿರಿಸಿ, ಒಮ್ಮೆ ಮದ್ಯ ಕುಡಿಸಿ, ಇನ್ನೊಮ್ಮೆ ಫೋನಿನಲ್ಲಿ ಮಾತನಾಡಿಸಿ ಗಾಡಿ ನಡೆಸಿದರು. ಮಾತಿನಲ್ಲಿದ್ದಾಗ ಅವರು ಬ್ರೇಕ್ ಒತ್ತುವುದು ತಡವಾಯಿತು. ಮುಂದಿನ ಗಾಡಿಗೆ ಗುದ್ದಿದ ಮೂರು ಪ್ರಸಂಗಗಳೂ ಮಾತಿನ ಹೊತ್ತಿನವೇ. ಫೋನನ್ನು ಕೈಯಲ್ಲಿ ಹಿಡಿದರೂ, ಹಿಡಿಯದೆ ಮಾತನಾಡಿದರೂ ಫಲ ಒಂದೇ. ಏಕೆಂದರೆ ಇಲ್ಲಿ ಕೆಡುವುದು ಕೈಯಲ್ಲ, ಗಮನ. ಕಣ್ಣು ತೆರೆದಿರುತ್ತದೆ, ಮನಸ್ಸು ಬೇರೆಡೆ ಇರುತ್ತದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ. ದಂಡದ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಕರೆ ಯಾರದೆಂದು ನೋಡುವ 2 ಸೆಕೆಂಡಿನಲ್ಲಿ ಅದು 18 ಸುತ್ತು ಸುತ್ತಿರುತ್ತದೆ. ಪಂಚೆಯ ಅಂಚು ಸಿಕ್ಕಿಕೊಳ್ಳಲು ಒಂದೇ ಸುತ್ತು ಸಾಕು. ಸೂಳಗಿರಿಯಲ್ಲಿ ಕೊತ್ತಂಬರಿ ಸೊಪ್ಪು ಹೇರಿಕೊಂಡು 44ನೇ ರಾಷ್ಟ್ರೀಯ ಹೆದ್ದಾರಿಗೆ ಏರಿದ ವ್ಯಾನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದರೆ, 3 ಸೆಕೆಂಡಿಗೆ 50 ಮೀಟರ್ ಓಡುತ್ತದೆ. ಅಷ್ಟು ದೂರವೂ ಕುರುಡು ಓಟ.

2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆಯು ಗಾಡಿ ನಡೆಸುತ್ತ ಫೋನ್ ಹಿಡಿಯುವುದನ್ನು ಅಪಾಯಕರ ಚಾಲನೆಯೆಂದೇ ಎಣಿಸುತ್ತದೆ. ಹೊಲದಲ್ಲಿ ಪೊಲೀಸರಿಲ್ಲ, ಅಲ್ಲಿ ನಮ್ಮ ಕಟ್ಟುಪಾಡೇ ಕಾನೂನು. ಅದು ಹೀಗಿರಲಿ:

1. ಯಂತ್ರ ಓಡುವಾಗ ಫೋನು ಬುತ್ತಿಯ ಜೊತೆ ಬದುವಿನ ಮೇಲಿರಲಿ.

2. ಮಾತನಾಡಲೇಬೇಕಾದರೆ ಎಂಜಿನ್ ನಿಲ್ಲಿಸಿ, ಕೆಳಗಿಳಿದು ಮಾತನಾಡತಕ್ಕದ್ದು.

3. ಮೇವು ಕತ್ತರಿಸುವ ಯಂತ್ರಕ್ಕೆ ಹುಲ್ಲು ಕೊಡುವವನ ಜೇಬಿನಲ್ಲೂ ಫೋನು ಬೇಡ. ಗಂಟೆ ಬಾರಿಸಿದರೆ ಗಮನ ಅತ್ತ ಹೋಗುತ್ತದೆ. ಕೈ ಮಾತ್ರ ಹಲ್ಲಿನ ಬಳಿಯಲ್ಲೇ ಇರುತ್ತದೆ.

4. ಇದು ಯಜಮಾನರಿಗೆ. ಆಳು ಉಳುತ್ತಿರುವಾಗ “ಎಲ್ಲಿಗೆ ಬಂತಪ್ಪಾ ಕೆಲಸ?” ಎಂದು ಮನೆಯಿಂದ ಕರೆ ಮಾಡಬಾರದು. ಯಜಮಾನರ ಕರೆಯನ್ನು ಎತ್ತದಿರಲು ಅವನು ಅಂಜುತ್ತಾನೆ. ಊಟದ ಹೊತ್ತನ್ನೇ ಮಾತಿನ ಹೊತ್ತೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಕುಡಿಸಿ ಕೆಲಸಕ್ಕೆ ಕಳುಹಿಸುವುದು ತಪ್ಪಾದರೆ, ಕೆಲಸದ ನಡುವೆ ಕರೆಯುವುದೂ ತಪ್ಪೇ.

ಮಂಡಿಯ ದರ ತಿಳಿಯುವುದು ಅರ್ಧ ಗಂಟೆ ತಡವಾದರೆ ಆಗುವ ನಷ್ಟ ಅಲ್ಪ. ಇಂದು ಬಿದ್ದ ದರ ನಾಳೆ ಏಳಬಹುದು. ಹೋದ ಬೆರಳು ಮತ್ತೆ ಬಾರದು.