ಹಾಸಿಗೆ ಹಿಡಿದವರ ಹಕ್ಕು

ಹಿರಿಯೂರು, ಚಿತ್ರದುರ್ಗಗಳನ್ನು ಹಾದುಹೋಗುವ ಹೆದ್ದಾರಿಯಲ್ಲಿ ಹಗಲಿರುಳೂ ಲಾರಿಗಳು ಓಡುತ್ತವೆ. ಹೊಳಲ್ಕೆರೆಯ ಕಡೆ ಅಡಿಕೆ ಮರ ಹತ್ತುವವರಿದ್ದಾರೆ, ಹೊಸದುರ್ಗದ ಕಡೆ ತೆಂಗಿನ ಮರ ಹತ್ತುವವರಿದ್ದಾರೆ. ಸ್ಟೇರಿಂಗ್ ಹಿಡಿದು, ಮರವೇರಿ, ಗಾರೆ ಕೆಲಸ ಮಾಡಿ ಹಲಾಲ್ ದುಡಿಮೆಯಿಂದ ಮನೆ ನಡೆಸುವವರು ನಮ್ಮಲ್ಲಿ ಬಹಳ. ಬೆಳಿಗ್ಗೆ ಸಲಾಮ್ ಹೇಳಿ ಹೊರಟ ಮಗ ಸಂಜೆಗೆ ಬೆನ್ನುಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರೆ ಮನೆಯವರು ಏನು ಮಾಡಬೇಕು? ಬಂದವರೆಲ್ಲ 'ಸಬ್ರ್ ಮಾಡಿ' ಎಂದು ಹೇಳಿ ಹೋಗುತ್ತಾರೆ. ಹೇಗೆ ಮಾಡಬೇಕೆಂದು ಹೇಳುವವರು ಕಡಿಮೆ.

ಮೊದಲು ಆಗಿರುವುದೇನೆಂದು ತಿಳಿದುಕೊಳ್ಳಿ. ಬೆನ್ನುಮೂಳೆಯ ಒಳಗೆ ಇಳಿದುಬರುವ ನರಗಳ ಬಳ್ಳಿಗೆ ಪೆಟ್ಟಾದಾಗ ಪೆಟ್ಟಿನ ಕೆಳಗಿನ ಭಾಗಕ್ಕೆ ಮೆದುಳಿನ ಸಂಪರ್ಕ ಕಡಿಯುತ್ತದೆ. ಕುತ್ತಿಗೆಯಲ್ಲಾದರೆ ಕೈಕಾಲು ನಾಲ್ಕೂ, ಅದಕ್ಕಿಂತ ಕೆಳಗಾದರೆ ಕಾಲುಗಳು ಸೋಲುತ್ತವೆ. ಮಲಮೂತ್ರದ ಹಿಡಿತವೂ ಸಾಮಾನ್ಯವಾಗಿ ತಪ್ಪುತ್ತದೆ. ಸ್ವಲ್ಪ ನರ ಉಳಿದಿದ್ದರೆ ಚೇತರಿಕೆ ಬರಬಹುದು. ಅದು ಹೆಚ್ಚಾಗಿ ಕಾಣುವುದು ಮೊದಲ ಆರೆಂಟು ತಿಂಗಳಲ್ಲಿ, ಆಮೇಲೆ ನಿಧಾನ. ಆದ್ದರಿಂದ ಎಣ್ಣೆ ತಿಕ್ಕಿ ಎಳೆದು ಸರಿಮಾಡುತ್ತೇವೆ ಎನ್ನುವವರ ಬಳಿ ಈ ಅಮೂಲ್ಯ ತಿಂಗಳುಗಳನ್ನು ಕಳೆಯಬೇಡಿ.

ಎರಡನೇ ಮಹಾಯುದ್ಧದವರೆಗೆ ಇಂತಹ ಪೆಟ್ಟಾದವರಲ್ಲಿ ಬಹುಪಾಲು ಜನ ಬೇಗನೆ ಸಾಯುತ್ತಿದ್ದರು. ಕೊಂದದ್ದು ಮುರಿದ ಮೂಳೆಯಲ್ಲ, ಬೆನ್ನಿನ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು, ನಾಝಿ ಜರ್ಮನಿಯಿಂದ ಆಶ್ರಯ ಅರಸಿ ಬಂದ ಯಹೂದಿಯವರು, ರೋಗಿಗಳನ್ನು ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಮಗ್ಗುಲು ಬದಲಿಸುವ ಕ್ರಮವನ್ನು ಕಟ್ಟುನಿಟ್ಟಾಗಿ ನಡೆಸಿದರು. ಸಾಯುತ್ತಾರೆಂದು ಕೈಬಿಟ್ಟವರು ಬದುಕಿದರು, ಆಟ ಆಡಿದರು, ಕೆಲಸಕ್ಕೆ ಹೋದರು. ಈ ಕೆಲಸಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಹೊಸದುರ್ಗದ ಒಂದು ಚಿಕ್ಕ ಕೋಣೆಯಲ್ಲೂ ಮಾಡಬಹುದು.

ದಿನಕ್ಕೊಮ್ಮೆ ಬೆಳಕಿನಲ್ಲಿ ಸೊಂಟದ ಹಿಂಭಾಗ, ಪಕ್ಕೆ, ಹಿಮ್ಮಡಿ ನೋಡಿ. ಕೆಂಪು ಕಲೆ ಕಂಡು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಅಲ್ಲಿ ಭಾರ ಬೀಳಗೊಡಬೇಡಿ. ಗಾಲಿಕುರ್ಚಿಯಲ್ಲಿ ಕೂತವನು ಅರ್ಧ ಗಂಟೆಗೊಮ್ಮೆಯಾದರೂ ಕೈಯೂರಿ ಮೈಯೆತ್ತಬೇಕು. ಆಗದಿದ್ದರೆ ನೀವು ಪಕ್ಕಕ್ಕೆ ವಾಲಿಸಿ. ಚಳಿಗೆಂದು ಬಿಸಿನೀರಿನ ಚೀಲ ಇಡಬೇಡಿ. ಸ್ಪರ್ಶ ತಿಳಿಯದ ಕಾಲು ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಮುಖ್ಯ ವಿಷಯ. ಪೆಟ್ಟು ಎದೆಯ ನಡುಭಾಗಕ್ಕಿಂತ ಮೇಲಿದ್ದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖದಲ್ಲಿ ಬೆವರು ಬಂದರೆ ರಕ್ತದೊತ್ತಡ ಏರಿದೆ ಎಂದರ್ಥ. ತಕ್ಷಣ ಎಬ್ಬಿಸಿ ಕೂರಿಸಿ, ಮೂತ್ರದ ಕೊಳವೆ ಮಡಚಿದೆಯೋ ಕಟ್ಟಿದೆಯೋ ನೋಡಿ, ಬಟ್ಟೆ ಸಡಿಲಿಸಿ, ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಈ ಶುಶ್ರೂಷೆಯೆಲ್ಲ ಪುಣ್ಯದ ಕೆಲಸವೇ. ಆದರೆ ಇದರಲ್ಲಿ ನಾವು ಸಾಮಾನ್ಯವಾಗಿ ಮರೆಯುವುದೊಂದಿದೆ. ಅವನ ಮೈ ನೋಡಿಕೊಳ್ಳುತ್ತಾ ಅವನ ಮಾತನ್ನು ಕಿತ್ತುಕೊಳ್ಳುತ್ತೇವೆ. ಮಗಳಿಗೆ ಸಂಬಂಧ ಬಂದರೆ ಅವನನ್ನು ಕೇಳುವುದಿಲ್ಲ. ಜಮೀನು ಮಾರುವಾಗ ಹೆಬ್ಬೆಟ್ಟಿಗೆ ಮಾತ್ರ ಕರೆಯುತ್ತೇವೆ. ನೋಡಲು ಬಂದವರು ಅವನ ತಲೆಯ ಮೇಲಿಂದಲೇ ಹೆಂಡತಿಯನ್ನು ಕೇಳುತ್ತಾರೆ: 'ಊಟ ಮಾಡ್ತಾರಾ?'

ಅಮ್ರ್ ಬಿನ್ ಅಲ್ ಜಮೂಹ್(ರ) ಎಂಬ ಸಹಾಬಿ ತೀರಾ ಕುಂಟರಾಗಿದ್ದರು. ಉಹುದ್ ಯುದ್ಧಕ್ಕೆ ಹೊರಟಾಗ ಮಕ್ಕಳು ತಡೆದರು. ತಂದೆಯ ಮೇಲಿನ ಪ್ರೀತಿಯಿಂದಲೇ ತಡೆದರು. ಅವರು ನೇರವಾಗಿ ಪ್ರವಾದಿವರ್ಯರ(ಸ) ಬಳಿ ದೂರು ತೆಗೆದುಕೊಂಡು ಹೋದರು. ನಿಮಗೆ ವಿನಾಯಿತಿ ಇದೆ ಎಂದು ಪ್ರವಾದಿವರ್ಯರು(ಸ) ಅವರಿಗೆ ತಿಳಿಸಿದರು. ಆದರೂ ಅವರು ಹಟ ಬಿಡದಿದ್ದಾಗ, ತಡೆಯಬೇಡಿ ಎಂದು ಮಕ್ಕಳಿಗೆ ಹೇಳಿದರು. ವಿನಾಯಿತಿಯನ್ನು ಬಳಸುವುದೋ ಬಿಡುವುದೋ ಆ ತಂದೆಯ ನಿರ್ಧಾರ, ಮಕ್ಕಳದ್ದಲ್ಲ. ಈ ಘಟನೆಯಲ್ಲಿ ಧೈರ್ಯವನ್ನು ಮಾತ್ರ ನೋಡುವವರು ಅರ್ಧ ಪಾಠವನ್ನು ಬಿಟ್ಟಂತೆ.

ನಮಾಝಿನ ವಿಷಯವೂ ಹೀಗೆಯೇ. 'ಪಾಪ, ಅವನಿಗೆಲ್ಲಿ ಆಗುತ್ತದೆ' ಎಂದು ಮನೆಯವರೇ ತೀರ್ಮಾನಿಸಿ ಹಾಸಿಗೆಯ ಪಕ್ಕದಿಂದ ನೀರಿನ ಚೊಂಬು ಎತ್ತಿಬಿಡುತ್ತಾರೆ. ಪ್ರವಾದಿವರ್ಯರೇ(ಸ) ಕುದುರೆಯಿಂದ ಬಿದ್ದು ಪೆಟ್ಟಾದಾಗ ಕುಳಿತು ನಮಾಝ್ ಮಾಡಿದರು. ರೋಗಪೀಡಿತರಾಗಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡಲು ಕಲಿಸಿದ್ದು ಬುಖಾರಿಯಲ್ಲಿದೆ. ವುಝೂವನ್ನು ಇನ್ನೊಬ್ಬರು ಮಾಡಿಸಬಹುದು, ನೀರು ಹಾನಿಯಾಗುವುದಿದ್ದರೆ ತಯಮ್ಮುಮ್ ಇದೆ. ಮೂತ್ರದ ಕೊಳವೆ ಇರುವವನು ವಿನಾಯಿತಿ ಪಡೆದವನು. ಪ್ರತಿ ನಮಾಝಿನ ಸಮಯಕ್ಕೆ ಹೊಸ ವುಝೂ ಮಾಡಿ ನಮಾಝ್ ನಿರ್ವಹಿಸುತ್ತಾನೆ, ಸೋರಿದರೆ ಅದಕ್ಕಾಗಿ ನಮಾಝ್ ಬಿಡಬೇಕಿಲ್ಲ. ವಿವರಕ್ಕೆ ನಿಮ್ಮ ಊರಿನ ಆಲಿಮರನ್ನು ಮನೆಗೇ ಕರೆಯಿರಿ, ಅವನೇ ಕೇಳಲಿ. ದಿನಕ್ಕೆ ಐದು ಸಲ ತಾನೇ ಮಾಡಬೇಕಾದ ಕೆಲಸವೊಂದು ಇದೆ ಎಂಬುದು ಮಲಗಿದವನಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ನಡೆದಾಡುವವರು ಊಹಿಸಲಾರರು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಆ ಮೇಲೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ಅಲ್ಲಿ ಆರಂಭವಾದ ಪುನರ್ವಸತಿ ಸಂಸ್ಥೆ ಅವರ ಶ್ರಮದ ಫಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರಸಂಬಂಧಿ ಪುನರ್ವಸತಿ ವಿಭಾಗವಿದೆ. ಇಂತಹ ಕಡೆ ರೋಗಿಗೆ ಮಾತ್ರವಲ್ಲ, ಜೊತೆಗಿರುವವರಿಗೂ ಎತ್ತುವುದು, ಹೊರಳಿಸುವುದು, ಕೊಳವೆ ಹಾಕುವುದನ್ನು ಕಲಿಸುತ್ತಾರೆ. ಹೋಗುವಾಗ ತಾಯಿಯೊಬ್ಬರನ್ನೇ ಕಳಿಸಬೇಡಿ, ಅಣ್ಣತಮ್ಮಂದಿರೂ ಹೋಗಿ ಕಲಿಯಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಂತೆ ಸಿಗಬೇಕಾದ ಗುರುತಿನ ಚೀಟಿ, ಮಾಸಾಶನಕ್ಕೆ ಅರ್ಜಿ ಹಾಕಲು ಸಂಕೋಚ ಬೇಡ. ಅದು ಭಿಕ್ಷೆಯಲ್ಲ.

ಅಣ್ಣತಮ್ಮಂದಿರ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಈ ಭಾರವೆಲ್ಲ ಹೆಚ್ಚಾಗಿ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು, ಹಗಲು ಅಡುಗೆ, ಮಕ್ಕಳು, ಬಂದುಹೋಗುವವರಿಗೆ ಚಹಾ. ಆಕೆ ದಣಿದು ಒಂದು ಮಾತು ಜೋರಾಗಿ ಆಡಿದರೆ 'ಸಬ್ರ್ ಇಲ್ಲ' ಎನ್ನುತ್ತೇವೆ. ಸಬ್ರ್‌ನ ಉಪದೇಶ ಮಾಡುವ ಗಂಡಸರು ವಾರಕ್ಕೆ ಎರಡು ರಾತ್ರಿ ಎದ್ದು ಮಗ್ಗುಲು ಬದಲಿಸಲಿ, ಆಕೆ ಮಲಗಲಿ. ದಾಂಪತ್ಯದ ವಿಷಯದಲ್ಲಿ ಸಂಶಯವಿದ್ದರೆ ಗಂಡ ಹೆಂಡತಿ ಇಬ್ಬರೂ ವೈದ್ಯರನ್ನು ಕೇಳಬಹುದು, ಅದರಲ್ಲಿ ನಾಚಿಕೆಯಿಲ್ಲ.

ಜುಮಾಕ್ಕೆ ಕರೆದೊಯ್ಯುವ ವಿಷಯ ಉಳಿಯಿತು. ಅವನ ಮೇಲೆ ಜುಮಾ ಕಡ್ಡಾಯವಲ್ಲ. ಆದರೆ ಅವನಿಗೆ ಹೋಗುವ ಆಸೆಯಿದ್ದರೆ? ಅನೇಕ ಮಸೀದಿಗಳ ಬಾಗಿಲಲ್ಲಿ ಮೂರು ನಾಲ್ಕು ಮೆಟ್ಟಿಲುಗಳಿವೆ. ಕಮಿಟಿಯವರು ಒಂದು ಪಕ್ಕಕ್ಕೆ ಸಿಮೆಂಟಿನ ಇಳಿಜಾರು ಹಾಕಿಸಲಿ, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಗಾಲಿಯಲ್ಲಿ ಬೀದಿಯ ಕೊಳೆ ಬರುತ್ತದೆ ಎನ್ನುವವರಿದ್ದಾರೆ. ಬಾಗಿಲ ಬಳಿ ಒಂದು ಬಕೆಟ್ ನೀರು, ಒಂದು ಬಟ್ಟೆ ಇಡಿ.