ಕತ್ತಲೆಯ ಸಸಿ, ಬೆಳಕಿನ ಸಸಿ

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ, ಹಬ್ಬ ಇನ್ನೂ ದೂರವಿರುವಾಗಲೇ ತಟ್ಟೆಗಳಿಗೆ ಮಣ್ಣು ತುಂಬಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲುವುದುಂಟು. ಗೊಂಬೆಗಳ ಮುಂದೆ ಕಟ್ಟುವ 'ಪಾರ್ಕಿ'ಗೆ ಬೇಕಾದ ಹಸುರು ಅದು. ಒಂದು ವರ್ಷ ನಾವು ಸಾಸಿವೆಯ ಎರಡು ತಟ್ಟೆಗಳಲ್ಲಿ ಒಂದನ್ನು ಹಿತ್ತಿಲ ಕಟ್ಟೆಯ ಮೇಲಿಟ್ಟು, ಇನ್ನೊಂದನ್ನು ಮೆಟ್ಟಿಲ ಕೆಳಗಣ ಕತ್ತಲೆಯಲ್ಲಿ ಮರೆತೆವು. ಐದನೆಯ ದಿನ ನೋಡಿದರೆ, ಹಿತ್ತಿಲಿನ ಸಸಿಗಳು ಗಿಡ್ಡವಾಗಿ, ಹಸುರಾಗಿ, ಎರಡು ಬೀಜದಳಗಳನ್ನೂ ಬಿಚ್ಚಿ ನಿಂತಿದ್ದುವು. ಕತ್ತಲೆಯವು ಅವುಗಳಿಗಿಂತ ಬಹಳ ಎತ್ತರ, ಆದರೆ ಬಿಳಿಚಿಕೊಂಡಿದ್ದುವು. ತುದಿ ಕೊಕ್ಕೆಯಂತೆ ಬಾಗಿತ್ತು. ಹಳದಿ ಬೀಜದಳಗಳು ಮುಚ್ಚಿಯೇ ಇದ್ದುವು. ಮನೆಯ ಹಿರಿಯಾಕೆ "ಇದಕ್ಕೆ ರೋಗ ತಗಲಿದೆ" ಎಂದು ತೀರ್ಪಿತ್ತರು.

ಅದು ರೋಗವಲ್ಲ, ಲೆಕ್ಕಾಚಾರ. ಕೆಲವೇ ಮಿಲಿಗ್ರಾಂ ತೂಗುವ ಸಾಸಿವೆ ಕಾಳು ಅಷ್ಟರಲ್ಲಿಯೇ ತನ್ನ ಬುತ್ತಿಯನ್ನು ಕಟ್ಟಿಕೊಂಡಿರುತ್ತದೆ. ಮಣ್ಣಿನೊಳಗೆ ಮೊಳೆತ ಸಸಿ ಆ ಬುತ್ತಿ ಮುಗಿಯುವುದರೊಳಗೆ ಬೆಳಕನ್ನು ಮುಟ್ಟಬೇಕು, ಇಲ್ಲವಾದರೆ ಸಾಯಬೇಕು. ಕತ್ತಲೆಯಲ್ಲಿ ಎಲೆಯಿಂದಾಗಲಿ ಪತ್ರಹರಿತ್ತಿನಿಂದಾಗಲಿ ಏನು ಪ್ರಯೋಜನ? ಆದ್ದರಿಂದ ಅದು ಇದ್ದುದೆಲ್ಲವನ್ನೂ ದಂಟನ್ನು ನೀಳವಾಗಿಸಲು ವೆಚ್ಚಮಾಡುತ್ತದೆ. ಕೊಕ್ಕೆಯ ಬಾಗು ಮಣ್ಣನ್ನು ತಳ್ಳಿಕೊಂಡು ಏರುವಾಗ ಎಳೆಯ ತುದಿಗೆ ಪೆಟ್ಟಾಗುವುದಿಲ್ಲ.

ಈ ಎರಡು ಬಗೆಯ ಬಾಳಿಗೂ ಬೇಕಾದ ಜೀನುಗಳೆಲ್ಲ ಪ್ರತಿಯೊಂದು ಜೀವಕೋಶದಲ್ಲಿಯೂ ಇವೆ. ಅಡುಗೆಯ ಪುಸ್ತಕದಲ್ಲಿ ನೂರು ಅಡುಗೆಗಳಿದ್ದರೂ ಆ ದಿನ ತೆರೆದ ಪುಟದ್ದೇ ಎಲೆಗೆ ಬೀಳುವುದಲ್ಲವೆ? ಪುಟ ತೆರೆಯುವವರು ಯಾರು ಎಂಬುದೇ ಪ್ರಶ್ನೆ.

1880ರಲ್ಲಿ ಚಾರ್ಲ್ಸ್ ಡಾರ್ವಿನ್ನನು ತನ್ನ ಮಗ ಫ್ರಾನ್ಸಿಸನೊಡನೆ ಒಂದು ಪ್ರಯೋಗವನ್ನು ಪ್ರಕಟಿಸಿದನು. ಹುಲ್ಲಿನ ಮೊಳಕೆಯ ತುದಿಗೆ ಟೋಪಿ ತೊಡಿಸಿದರೆ ಅದು ಬೆಳಕಿನ ಕಡೆಗೆ ಬಾಗುವುದಿಲ್ಲ. ತುದಿ ಬೆಳಕನ್ನು ಕಂಡು ಕೆಳಕ್ಕೆ ಏನನ್ನೋ ಕಳುಹಿಸುತ್ತದೆ. ಹಾಲೆಂಡಿನ ಫ್ರಿಟ್ಸ್ ವೆಂಟನು 1926ರಲ್ಲಿ ಆ 'ಏನನ್ನೋ' ಅಗರ್ ತುಂಡಿಗೆ ಇಳಿಸಿ ತೋರಿಸಿದನು. ಅದೇ ಆಕ್ಸಿನ್ ಎಂಬ ಹಾರ್ಮೋನು. ಅದೇ ವರ್ಷ ಜಪಾನಿನ ಕುರೋಸಾವಾ, ಬತ್ತದ ಸಸಿಗಳನ್ನು ವಿಪರೀತ ಉದ್ದವಾಗಿಸುವ ಶಿಲೀಂಧ್ರವು ಯಾವುದೋ ವಸ್ತುವನ್ನು ಸ್ರವಿಸುತ್ತದೆಂದು ಕಂಡುಕೊಂಡನು. ಅದಕ್ಕೆ ಮುಂದೆ ಜಿಬ್ಬರೆಲಿನ್ ಎಂದು ಹೆಸರಾಯಿತು. ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್ ಎಂಬ ವರ್ಣವಸ್ತುವು ಅಮೆರಿಕದ ವಿಜ್ಞಾನಿಗಳ ಕೈಗೆ ಸಿಕ್ಕಿದುದು 1959ರಲ್ಲಿ, ಕತ್ತಲೆಯಲ್ಲಿ ಬೆಳೆಸಿದ ಮುಸುಕಿನ ಜೋಳದ ಸಸಿಗಳಲ್ಲಿ. ಪತ್ರಹರಿತ್ತಿನ ಅಡ್ಡಿಯಿಲ್ಲದ ಬಿಳಿಚಿದ ಸಸಿಯೇ ಅವರಿಗೆ ಬೇಕಾಗಿದ್ದಿತು!

ಕೋಶದೊಳಗೆ ನಡೆಯುವುದು ಇನ್ನೂ ವಿಚಿತ್ರ. ಕತ್ತಲೆಯಲ್ಲಿ 'ಪಿಫ್' ಎಂಬ ಪ್ರೋಟೀನುಗಳು ಕೋಶಕೇಂದ್ರದ ಡಿ.ಎನ್.ಎ. ಮೇಲೆ ಕುಳಿತು, ದಂಟನ್ನು ಬೆಳೆಸುವ ಜೀನುಗಳನ್ನು ತೆರೆದಿಡುತ್ತವೆ. ಇನ್ನೊಂದೆಡೆ 'ಎಚ್‌ವೈ 5' ಎಂಬುದಿದೆ. ಇದು ಹಸುರಾಗಿಸುವ ಜೀನುಗಳನ್ನು ತೆರೆಯಬಲ್ಲ ಪ್ರೋಟೀನು. ಆದರೆ ಕತ್ತಲೆಯಲ್ಲಿ 'ಕಾಪ್ 1' ಎಂಬ ಕಾವಲುಗಾರನು ಇದು ಹುಟ್ಟಿದಂತೆಲ್ಲ ನಾಶಕ್ಕೆ ಗುರುತುಹಾಕುತ್ತಾನೆ. ಬೆಳಕು ಬಿದ್ದೊಡನೆ ಫೈಟೋಕ್ರೋಮ್ ರೂಪ ಬದಲಿಸಿ ಕೋಶಕೇಂದ್ರವನ್ನು ಹೊಗುತ್ತದೆ. ಆಗ ಪಿಫ್‌ಗಳು ನಾಶವಾಗುತ್ತವೆ, ಕಾವಲುಗಾರನು ಸುಮ್ಮನಾಗುತ್ತಾನೆ, ಎಚ್‌ವೈ 5 ಉಳಿದುಕೊಳ್ಳುತ್ತದೆ. ಬೆಳಕು ಹಸುರನ್ನು ತಂದು ಸುರಿಯುವುದಿಲ್ಲ, ತಡೆಯನ್ನು ತೆಗೆಯುತ್ತದೆ. ಜಿಬ್ಬರೆಲಿನ್ನಿನ ರೀತಿಯೂ ಹೀಗೆಯೇ. ಪಿಫ್‌ಗಳ ಕೈ ಹಿಡಿದು ನಿಲ್ಲಿಸುವ 'ಡೆಲ್ಲಾ' ಪ್ರೋಟೀನುಗಳನ್ನು ಅದು ನಾಶಮಾಡಿಸುತ್ತದೆ. ಆಗ ದಂಟು ಬೆಳೆಯುತ್ತದೆ. ಬೆಳಕೂ ಹಾರ್ಮೋನೂ ಬೇರೆಬೇರೆ ದಾರಿಯಿಂದ ಬಂದರೂ ಸೇರುವುದು ಅದೇ ಪಿಫ್‌ಗಳ ಬಾಗಿಲಲ್ಲಿ.

ಈ ಕಥೆಯ ಒಂದು ಎಳೆ ನಮ್ಮ ಬೆಂಗಳೂರಿನಲ್ಲಿಯೇ ಬಿಡಿಸಲ್ಪಟ್ಟಿತು. ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪಲ್ ನಾಥ್ ಮತ್ತು ಅವರ ಸಹೋದ್ಯೋಗಿಗಳು ಅರಾಬಿಡಾಪ್ಸಿಸ್ ಗಿಡದ ಮೇಲೆ ಕೆಲಸಮಾಡಿ 2016ರಲ್ಲಿ ಫಲವನ್ನು ಪ್ರಕಟಿಸಿದರು. ಸಾಸಿವೆಯ ಕುಟುಂಬಕ್ಕೇ ಸೇರಿದ ಪುಟ್ಟ ಗಿಡ ಅದು. 'ಟಿಸಿಪಿ 4' ಎಂಬ ಪ್ರೋಟೀನು 'ಯುಕ್ಕಾ 5' ಎಂಬ ಜೀನನ್ನು ನೇರವಾಗಿ ತೆರೆಯುತ್ತದೆ. ಆ ಜೀನು ಆಕ್ಸಿನ್ ತಯಾರಿಕೆಯದು. ಅದರಿಂದ ಬೀಜದಳದ ಕೆಳಗಣ ದಂಟಿನ ಕೋಶಗಳು ನೀಳವಾಗುತ್ತವೆ. ಎಲೆಯ ಆಕಾರವನ್ನು ತಿದ್ದುವುದೆಂದು ಮೊದಲೇ ಹೆಸರಾಗಿದ್ದ ಪ್ರೋಟೀನೊಂದು ಸಸಿಯ ಎತ್ತರದಲ್ಲಿಯೂ ಕೈಯಾಡಿಸುತ್ತದೆಂಬುದು ನಮಗೆ ಸೊಗಸೆನಿಸುತ್ತದೆ.

ನಮ್ಮ ತಟ್ಟೆಯ ವಿಷಯ ಉಳಿಯಿತು. ಅದನ್ನು ಬೆಳಗ್ಗೆ ಹಿತ್ತಿಲಿಗೆ ತಂದೆವು. ಸಂಜೆಯ ಹೊತ್ತಿಗೆ ಹಳದಿ ದಳಗಳಲ್ಲಿ ಹಸುರಿನ ಛಾಯೆ ಕಾಣಿಸಿತು. ಮರುದಿನ ಕೊಕ್ಕೆಗಳು ನೆಟ್ಟಗಾಗಿ ದಳಗಳು ಬಿಚ್ಚಿಕೊಂಡುವು. ಹಿರಿಯಾಕೆ ಕನ್ನಡಕ ಹಾಕಿಕೊಂಡು ಬಂದು ನೋಡಿ, ಏನೂ ಹೇಳದೆ ಒಳಕ್ಕೆ ಹೋದರು. ಆದರೆ ಒಮ್ಮೆ ನೀಳವಾದ ಕೋಶ ಮತ್ತೆ ಕುಗ್ಗುವುದಿಲ್ಲ. ಉದ್ದನೆಯ ಬಡಕಲು ದಂಟುಗಳು ತಲೆಯ ಭಾರ ತಾಳಲಾರದೆ ಒಂದರ ಮೇಲೊಂದು ಒರಗಿದುವು. ಆ ವರ್ಷದ ಪಾರ್ಕಿಗೆ ಹಿತ್ತಿಲ ತಟ್ಟೆಯೊಂದನ್ನೇ ಇಟ್ಟೆವು.